ಥೀಸಿಸ್ ಸಿಗುತ್ತದೆ, ಪೇಪರ್ ಸಿಗುವುದಿಲ್ಲ: ಓಪನ್ ಆಕ್ಸೆಸ್ ಗೋಜಲಿನ ಹಿನ್ನೆಲೆ

ಮೈಸೂರಿನಲ್ಲೋ ಧಾರವಾಡದಲ್ಲೋ ಪಿಎಚ್‌.ಡಿ. ಮುಗಿಸಿದವರ ಮಹಾಪ್ರಬಂಧವನ್ನು (ಥೀಸಿಸ್) ‘ಶೋಧಗಂಗಾ’ ಎಂಬ ಜಾಲತಾಣದಲ್ಲಿ ಯಾರು ಬೇಕಾದರೂ ಓದಬಹುದು. ಅದೇ ಸಂಶೋಧಕರು ಅದೇ ವಿಷಯದ ಮೇಲೆ ಜರ್ನಲ್‌ಗೆ ಬರೆದ ಪೇಪರ್ ಹುಡುಕಿದರೆ ಎಷ್ಟೋ ಸಲ ಸಾರಾಂಶದ ಕೆಳಗೆ ದುಡ್ಡು ಕೇಳುತ್ತದೆ. ಸರ್ಕಾರಿ ಅನುದಾನದ ಕೆಲಸವಾಗಿದ್ದರೆ ಎರಡನ್ನೂ ಮುಕ್ತವಾಗಿಡಿ ಎನ್ನುವ ನಿಯಮಗಳಿವೆ. ಒಂದು ನಡೆಯಿತು, ಇನ್ನೊಂದು ಕುಂಟಿತು.

1991ರಲ್ಲಿ ಭೌತವಿಜ್ಞಾನಿಗಳು ತಮ್ಮ ಪೇಪರ್‌ಗಳನ್ನು ಮುಕ್ತವಾಗಿ ಹಂಚಿಕೊಳ್ಳುವ ಆರ್ಕೈವ್ (arXiv) ಎಂಬ ತಾಣ ಬಂತು, 2002ರಲ್ಲಿ ಬುಡಾಪೆಸ್ಟ್ ಘೋಷಣೆ ‘ಓಪನ್ ಆಕ್ಸೆಸ್’ ಎಂಬ ಮಾತಿಗೆ, ಅಂದರೆ ಸಂಶೋಧನೆಯನ್ನು ಯಾರು ಬೇಕಾದರೂ ದುಡ್ಡಿಲ್ಲದೆ ಓದುವಂತಿಡುವುದಕ್ಕೆ, ಅರ್ಥ ಕೊಟ್ಟಿತು. ಅದೇ ವರ್ಷ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ (ಐಐಎಸ್‌ಸಿ) ತನ್ನ ಇಪ್ರಿಂಟ್ಸ್ ರೆಪಾಸಿಟರಿ (ಸಂಸ್ಥೆಯವರ ಪೇಪರ್‌ಗಳ ಆನ್‌ಲೈನ್ ಭಂಡಾರ) ತೆರೆಯಿತು, ದೇಶದಲ್ಲೇ ಮೊದಲನೆಯದು. ಅದಕ್ಕೂ ತುಸು ಮುಂಚೆ ಮೈಸೂರು ವಿಶ್ವವಿದ್ಯಾಲಯದ ‘ವಿದ್ಯಾನಿಧಿ’ ಥೀಸಿಸ್‌ಗಳನ್ನು ಡಿಜಿಟಲ್ ಮಾಡಹೊರಟಿತ್ತು. 2009ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಥೀಸಿಸ್‌ನ ಸಾಫ್ಟ್ ಕಾಪಿ ಕಡ್ಡಾಯ ಮಾಡಿತು. ವಿಶ್ವವಿದ್ಯಾಲಯಗಳ ಲೈಬ್ರರಿಗಳನ್ನು ಜೋಡಿಸುವ ಗಾಂಧಿನಗರದ ಕೇಂದ್ರ ಇನ್‌ಫ್ಲಿಬ್‌ನೆಟ್ ಅದಕ್ಕಾಗಿ ಶೋಧಗಂಗಾ ನಡೆಸುತ್ತಿದೆ. ಪದವಿಗೇ ಗಂಟು ಹಾಕಿದ್ದರಿಂದ ಇದು ನಡೆಯಿತು.

ಹಾಗಂತ ತೊಡಕಿಲ್ಲ ಎಂದಲ್ಲ. ಯುನಿಕೋಡ್ (ಎಲ್ಲ ಕಂಪ್ಯೂಟರ್‌ಗಳೂ ಒಂದೇ ರೀತಿ ಗುರುತಿಸುವ ಅಕ್ಷರ ಸಂಕೇತ) ಅಲ್ಲದ ಹಳೆಯ ನುಡಿ ಫಾಂಟ್‌ನಲ್ಲಿ ಟೈಪಾದ ಕನ್ನಡ ಥೀಸಿಸ್‌ನ ಪಿಡಿಎಫ್ ಕಣ್ಣಿಗೆ ಚೆನ್ನಾಗಿಯೇ ಕಾಣುತ್ತದೆ. ಒಂದು ಸಾಲು ಕಾಪಿ ಮಾಡಿ ಅಂಟಿಸಿ ನೋಡಿ, ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಉದುರುತ್ತವೆ. ಗೂಗಲ್‌ಗೂ ಕಾಣುವುದು ಅದೇ. ಪಿಡಿಎಫ್ ಮಾಡುವ ಮೊದಲೇ ಯುನಿಕೋಡ್‌ಗೆ ಪರಿವರ್ತಿಸಿ, ಒತ್ತಕ್ಷರ, ಅರ್ಕಾವತ್ತುಗಳನ್ನು ಕಣ್ಣಾರೆ ನೋಡಿ ತಿದ್ದಬೇಕು.

ಪೇಪರ್‌ಗಳ ಕಥೆ ಬೇರೆ. 2014ರ ಡಿಸೆಂಬರ್‌ನಲ್ಲಿ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ (ಡಿಬಿಟಿ) ಮತ್ತು ವಿಜ್ಞಾನ ಹಾಗೂ ತಂತ್ರಜ್ಞಾನ ಇಲಾಖೆ (ಡಿಎಸ್‌ಟಿ) ಜಂಟಿ ನೀತಿ ಹೊರಡಿಸಿದವು. 2012–13ರಿಂದ ಈಚೆಗೆ ತಮ್ಮ ಅನುದಾನದಲ್ಲಿ ನಡೆದ ಕೆಲಸದ ಪೇಪರ್, ಅಂಗೀಕಾರವಾದ ಎರಡು ವಾರದೊಳಗೆ ರೆಪಾಸಿಟರಿ ಸೇರಬೇಕು. ಪ್ರಕಾಶಕರ ತಡೆ ಇದ್ದರೆ ವಿಜ್ಞಾನ ವಿಷಯಗಳಿಗೆ 6 ತಿಂಗಳು, ಮಾನವಿಕ ಮತ್ತು ಸಮಾಜವಿಜ್ಞಾನಕ್ಕೆ 12 ತಿಂಗಳು ಮುಚ್ಚಿಡಬಹುದು. ಜರ್ನಲ್‌ಗೆ ದುಡ್ಡು ಕಟ್ಟಿ ಎಂದು ಅದರಲ್ಲಿಲ್ಲ.

ಎಡವುವುದು ಪ್ರತಿಯ ವಿಷಯದಲ್ಲಿ. ಜರ್ನಲ್‌ಗೆ ಮೊದಲು ಕಳಿಸಿದ್ದು ಪ್ರಿಪ್ರಿಂಟ್. ವಿಮರ್ಶಕರು ಹೇಳಿದ ತಿದ್ದುಪಡಿಗಳೆಲ್ಲ ಮುಗಿದು ಸಂಪಾದಕರು ಒಪ್ಪಿದ್ದು ಅಂಗೀಕೃತ ಪ್ರತಿ. ಲೋಗೊ, ಪುಟಸಂಖ್ಯೆ ಹೊತ್ತು ಬರುವುದು ಪ್ರಕಾಶಕರ ಪ್ರತಿ. ರೆಪಾಸಿಟರಿಗೆ ಸಾಮಾನ್ಯವಾಗಿ ಹಾಕಬೇಕಾದದ್ದು ನಡುವಿನದು. ವರ್ಷ ಕಳೆದು ಲೈಬ್ರರಿಯವರು ಕೇಳಿದಾಗ ಅದೇ ಸಿಗುವುದಿಲ್ಲ. ಜರ್ನಲ್ ಜೊತೆ ಪತ್ರವ್ಯವಹಾರ ನೋಡಿಕೊಂಡ ವಿದ್ಯಾರ್ಥಿ ಊರು ಬಿಟ್ಟಿರುತ್ತಾನೆ; ಲ್ಯಾಪ್‌ಟಾಪ್‌ನಲ್ಲಿ ‘ಫೈನಲ್’, ‘ಫೈನಲ್ 2’, ‘ನಿಜವಾದ ಫೈನಲ್’ ಎಂಬ ಮೂರು ಫೈಲುಗಳು, ಚಿತ್ರಗಳು ಇನ್ನೆಲ್ಲೋ. ಕೊನೆಗೆ ಪ್ರಕಾಶಕರ ಪಿಡಿಎಫ್ ಅನ್ನೇ ಏರಿಸುತ್ತಾರೆ. ಕಾಪಿರೈಟ್ ಬರೆದುಕೊಟ್ಟಿದ್ದರೆ ಅದನ್ನು ಮತ್ತೆ ತೆಗೆಸಬೇಕಾಗುತ್ತದೆ. ಅಂಗೀಕಾರದ ಮೇಲ್ ಬಂದ ದಿನವೇ ಜರ್ನಲ್‌ನ ಸಲ್ಲಿಕೆ ಪುಟದಿಂದ ಕೊನೆಯ ಪ್ರತಿ ಇಳಿಸಿ ಲೈಬ್ರರಿಗೆ ಕಳಿಸಿಬಿಟ್ಟರೆ ಹತ್ತು ನಿಮಿಷದ ಕೆಲಸ. ಆ ಜರ್ನಲ್ ಯಾವ ಪ್ರತಿಯನ್ನು, ಎಷ್ಟು ತಿಂಗಳ ನಂತರ ಬಿಡುತ್ತದೆ ಎಂಬುದನ್ನು ಶೆರ್ಪಾ ರೋಮಿಯೊ ಎಂಬ ಜಾಲತಾಣದಲ್ಲಿ (ಈಗ ಅದರ ಹೆಸರು ಓಪನ್ ಪಾಲಿಸಿ ಫೈಂಡರ್) ಜರ್ನಲ್‌ನ ಗುರುತಿನ ಸಂಖ್ಯೆ ಐಎಸ್‌ಎಸ್‌ಎನ್ ಹಾಕಿ ನೋಡಬಹುದು.

ಇನ್ನೊಂದು ಹಳ್ಳವೂ ಇದೆ. ಅಂಗೀಕಾರದ ನಂತರ ಬರುವ ಫಾರ್ಮ್‌ನಲ್ಲಿ ‘ಓಪನ್ ಆಕ್ಸೆಸ್’ಗೆ ಟಿಕ್ ಹಾಕಿ, ನಿಯಮ ಪಾಲಿಸಿದ ಸಮಾಧಾನದಲ್ಲಿದ್ದವರಿಗೆ ಬಿಲ್ ಬರುತ್ತದೆ. 2021ರಲ್ಲಿ ನೇಚರ್ ಪತ್ರಿಕೆ ನಿಗದಿ ಮಾಡಿದ ಶುಲ್ಕ 9,500 ಯೂರೊ, ಅಂದರೆ ಎಂಟು ಲಕ್ಷ ರೂಪಾಯಿಗೂ ಮೇಲೆ. ರೆಪಾಸಿಟರಿಗೆ ಹಾಕುವ, ‘ಹಸಿರು’ ಎಂದು ಕರೆಯುವ ದಾರಿಗೆ ಖರ್ಚಿಲ್ಲ. ಎರಡಕ್ಕೂ ‘ಓಪನ್ ಆಕ್ಸೆಸ್’ ಎಂಬ ಒಂದೇ ಹೆಸರಿರುವುದೇ ಗೊಂದಲ.

2018ರಲ್ಲಿ ಯುರೋಪಿನ ಅನುದಾನ ಸಂಸ್ಥೆಗಳು ತಮ್ಮ ದುಡ್ಡಿನ ಸಂಶೋಧನೆಯ ಪೇಪರ್‌ಗಳು ಪ್ರಕಟವಾದೊಡನೆ ಮುಕ್ತವಾಗಿರಬೇಕು ಎನ್ನುವ ‘ಪ್ಲಾನ್ ಎಸ್’ ಘೋಷಿಸಿದವು. ಸೇರುವ ಮಾತಾಡಿದ ಭಾರತ 2019ರಲ್ಲಿ ಹಿಂದೆ ಸರಿದು, ಸರ್ಕಾರವೇ ಜರ್ನಲ್‌ಗಳಿಗೆ ಒಟ್ಟಾಗಿ ಚಂದಾ ಕಟ್ಟುವ ‘ಒಂದು ರಾಷ್ಟ್ರ, ಒಂದು ಚಂದಾ’ ಯೋಜನೆಯತ್ತ ತಿರುಗಿತು. 2024ರ ನವೆಂಬರ್‌ನಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು: 2025ರಿಂದ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರು, ಸುಮಾರು 13,000 ಜರ್ನಲ್‌ಗಳು. ದುಬಾರಿ ಜರ್ನಲ್ ಕಂಡೇ ಇರದ ಜಿಲ್ಲಾ ಕೇಂದ್ರದ ಸರ್ಕಾರಿ ಕಾಲೇಜಿಗೆ ಇದು ದೊಡ್ಡ ಅನುಕೂಲವೇ. ಆದರೆ ಪಕ್ಕದ ಖಾಸಗಿ ಕಾಲೇಜಿನ ಮೇಷ್ಟರು ಮೊದಲ ಹಂತದಲ್ಲಿ ಹೊರಗೆ. ಅವರು ಐಐಎಸ್‌ಸಿ ಇಪ್ರಿಂಟ್ಸ್‌ನಲ್ಲಿ ಪೇಪರ್ ಹುಡುಕಿ, ಬಾಗಿಲು ಮುಚ್ಚಿದ್ದರೆ ಪ್ರತಿ ಕೇಳುವ ‘ರಿಕ್ವೆಸ್ಟ್ ಎ ಕಾಪಿ’ ಗುಂಡಿ ಒತ್ತಿ, ಲೇಖಕರ ಉತ್ತರಕ್ಕೆ ಕಾಯಬೇಕು.