ಚಾಪೆಲ್‌ನಲ್ಲಿ ಕಲಿಯುವ ಪಾಠ: ಸೆಮಿನರಿ ಬದುಕಿನಲ್ಲಿ ಆರಾಧನೆ ಮತ್ತು ಕಲೆ

ಹಾಡು, ಚಿತ್ರ, ನಾಟಕಗಳೆಲ್ಲ ವಾರ್ಷಿಕೋತ್ಸವಕ್ಕೆ, ನಿಜವಾದ ಓದು ತರಗತಿಯಲ್ಲಿ ಎಂದು ನಾನೂ ಅಂದುಕೊಂಡಿದ್ದೆ. ಪಾದ್ರಿಗಳನ್ನು ತಯಾರು ಮಾಡುವ ಸೆಮಿನರಿಗಳ, ಅಂದರೆ ಗುರುಮಠಗಳ, ಇತಿಹಾಸ ಬೇರೆಯೇ ಹೇಳುತ್ತದೆ. 1563ರಲ್ಲಿ ಕಥೋಲಿಕ ಚರ್ಚಿನ ಟ್ರೆಂಟ್ ಮಹಾಸಭೆ ಗುರುಮಠಗಳ ಬಗ್ಗೆ ವಿಧಿ ಹೊರಡಿಸಿದಾಗ, ಹುಡುಗರು ಕಲಿಯಬೇಕಾದ ವಿಷಯಗಳಲ್ಲಿ ವ್ಯಾಕರಣದ ಬೆನ್ನಿಗೇ ಗಾಯನವನ್ನು ಹೆಸರಿಸಿತು. ನಾನೂರು ವರ್ಷಗಳ ಮೇಲೆ, 1963ರ ಡಿಸೆಂಬರ್ 4ರಂದು, ಅದೇ ಚರ್ಚಿನ ಎರಡನೇ ವ್ಯಾಟಿಕನ್ ಮಹಾಸಭೆಯ ‘ಆರಾಧನಾ ಸಂವಿಧಾನ’ವೆಂಬ ದಾಖಲೆ ಇದನ್ನೇ ವಿಸ್ತರಿಸಿತು. ಅದರ 115ನೇ ಕಲಂ ಸಂಗೀತಕ್ಕೆ, 129ನೇ ಕಲಂ ಚಿತ್ರ-ಶಿಲ್ಪಗಳಿಗೆ. ಎರಡನೆಯದರ ಕಾರಣ ತೀರಾ ವ್ಯಾವಹಾರಿಕ: ನಾಳೆ ಹಳೆಯ ಚರ್ಚಿನ ಹೊಣೆ ಹೊರುವವನಿಗೆ ಯಾವುದನ್ನು ಉಳಿಸಬೇಕು, ಕಲಾವಿದನಿಗೆ ಏನು ಹೇಳಬೇಕು ಎಂಬುದು ತಿಳಿದಿರಬೇಕು.

ಹಾಗಿದ್ದರೆ ಕಲೆಯ ಬಗ್ಗೆ ಅನುಮಾನ ಏಕೆ? ಇಲ್ಲಿ ಆದಿಕಾಲದ ಚರ್ಚಿನ ಚಿಂತಕ ಅಗಸ್ಟೀನನನ್ನು ಬಿಟ್ಟು ಮುಂದೆ ಹೋಗಲಾಗದು. ಹಾಡಿನ ಅರ್ಥಕ್ಕಿಂತ ರಾಗವೇ ತನ್ನನ್ನು ಹೆಚ್ಚು ಕಲಕಿದರೆ ಅದು ತಪ್ಪು, ಆಗ ಹಾಡು ಕೇಳದಿದ್ದರೇ ಲೇಸು ಎಂದು ಅವನು ಬರೆದುಕೊಂಡ. ಆದರೆ ತಾನು ಹೊಸದಾಗಿ ನಂಬಿದ ದಿನಗಳಲ್ಲಿ ಚರ್ಚಿನ ಹಾಡು ಕೇಳಿ ಸುರಿಸಿದ ಕಣ್ಣೀರು ನೆನಪಾಗಿ, ಹಾಡು ಇರಲಿ ಎಂಬ ಕಡೆಗೇ ವಾಲಿದ. ಪ್ರೊಟೆಸ್ಟೆಂಟ್ ಪಂಥ ಹುಟ್ಟಿದ ಹದಿನಾರನೇ ಶತಮಾನದ ಸುಧಾರಣೆಯ ಕಾಲದಲ್ಲಿ ಈ ತೂಗಾಟ ಎರಡು ಹೋಳಾಯಿತು. ಹಾಡಲು ಬಾರದ ಮೇಷ್ಟ್ರ ಮುಖವನ್ನೂ ನೋಡಲೊಲ್ಲೆ ಎಂದವನು ಜರ್ಮನಿಯ ಸುಧಾರಕ ಲೂಥರ್. ಜ್ಯೂರಿಕ್‌ನ ಜ್ವಿಂಗ್ಲಿಯಾದರೋ ಆರಾಧನೆಯಿಂದ ಸಂಗೀತವನ್ನೇ ಕೈಬಿಟ್ಟ. ತಮಾಷೆಯೆಂದರೆ ಅವನು ಸ್ವತಃ ಹಲವು ವಾದ್ಯ ಬಲ್ಲವನು!

ನನ್ನ ಮಟ್ಟಿಗೆ ಈ ಪಾಠಘಟಕದ ಜೀವ ಇರುವುದು ಫಿಂಕನ್‌ವಾಲ್ಡೆಯಲ್ಲಿ. 1935ರಿಂದ ದೇವಶಾಸ್ತ್ರಜ್ಞ ಡೀಟ್ರಿಚ್ ಬೋನ್‌ಹಾಫರ್ ನಾಜಿಗಳ ಹಿಡಿತವನ್ನು ಒಪ್ಪದ ಜರ್ಮನಿಯ ಕನ್‌ಫೆಸಿಂಗ್ ಚರ್ಚಿಗಾಗಿ ನಡೆಸಿದ ಸೆಮಿನರಿ ಅದು. 1937ರಲ್ಲಿ ನಾಜಿಗಳ ಗುಪ್ತ ಪೊಲೀಸ್ ಪಡೆ ಗೆಸ್ಟಾಪೊ ಅದನ್ನು ಮುಚ್ಚಿಸಿತು. ದಿನ ಶುರುವಾಗುವುದೂ ಮುಗಿಯುವುದೂ ಬೈಬಲಿನ ಕೀರ್ತನೆ, ವಾಚನ, ಹಾಡುಗಳೊಂದಿಗೆ. ಬೋನ್‌ಹಾಫರ್ ಒಳ್ಳೆಯ ಪಿಯಾನೊ ವಾದಕ. ನ್ಯೂಯಾರ್ಕ್‌ನಲ್ಲಿ ಓದುವಾಗ ಹಾರ್ಲೆಮ್‌ನ ಕಪ್ಪು ಜನರ ಚರ್ಚಿನಲ್ಲಿ ಮನಸೋತು, ಅವರ ಭಕ್ತಿಗೀತೆಗಳ ರೆಕಾರ್ಡುಗಳನ್ನು ತಂದಿದ್ದ. ವಿದ್ಯಾರ್ಥಿಗಳಿಗೆ ಅವನ್ನು ಕೇಳಿಸುತ್ತಿದ್ದ. ಇಷ್ಟು ಸಂಗೀತಪ್ರೇಮಿ ಒಟ್ಟು ಆರಾಧನೆಯಲ್ಲಿ ಮಾತ್ರ ಎಲ್ಲರೂ ಒಂದೇ ಸ್ವರದಲ್ಲಿ ಹಾಡಬೇಕೆಂದು ಪಟ್ಟುಹಿಡಿದ. ಮಂದ್ರಸ್ವರದಿಂದ ಕೋಣೆ ತುಂಬಿಸಿ ಮೆಚ್ಚುಗೆ ಗಿಟ್ಟಿಸುವವನು, ಎದೆಯುಬ್ಬಿಸಿ ಒಂಟಿಯಾಗಿ ಮೆರೆಯುವವನು ಹಾಡು ಕೆಡಿಸುತ್ತಾರೆ ಎಂದ. ಗಮನಿಸಿ, ಅದೇ ಪಟ್ಟಿಯಲ್ಲಿ ‘ನನಗೆ ರಾಗ ಗೊತ್ತಿಲ್ಲ’ ಎಂದು ಬಾಯಿ ಮುಚ್ಚಿಕೊಂಡವನೂ ಮನಸ್ಸು ಸರಿಯಿಲ್ಲವೆಂದು ಮುಖ ಗಂಟಿಕ್ಕಿದವನೂ ಇದ್ದಾರೆ. ಅಂದರೆ ಅವನ ತಕರಾರು ಕಲೆಯ ಮೇಲಲ್ಲ, ಒಬ್ಬನ ಕಲೆ ಎಲ್ಲರ ಪ್ರಾರ್ಥನೆಯನ್ನು ನುಂಗುವುದರ ಮೇಲೆ. ಪರೀಕ್ಷೆಯಲ್ಲಿ ‘ಬೋನ್‌ಹಾಫರ್ ಸಂಗೀತ ವಿರೋಧಿ’ ಎಂದು ಬರೆದುಬಿಡಬೇಡಿ.

ಚಿತ್ರಗಳ ವಿಷಯ ಚುಟುಕಾಗಿ: 787ರ ಎರಡನೇ ನೈಸಿಯ ಮಹಾಸಭೆ ಪ್ರತಿಮಾಚಿತ್ರಕ್ಕೆ ಸಲ್ಲುವ ಗೌರವ ಬೇರೆ, ದೇವರೊಬ್ಬನಿಗೇ ಸಲ್ಲುವ ಆರಾಧನೆ ಬೇರೆ ಎಂದು ಗೆರೆ ಎಳೆಯಿತು. ಬೈಬಲಿನ ವಿಮೋಚನಕಾಂಡ 31ರಲ್ಲಿ ಬರುವ ಕುಶಲಕರ್ಮಿ ಬೆಚಲೇಲನನ್ನೂ ಇದರ ಪಕ್ಕಕ್ಕಿಟ್ಟು ಓದಿ. ದೇವರ ಆತ್ಮ ಅವನನ್ನು ತುಂಬಿದ್ದು ಉಪದೇಶಕ್ಕಲ್ಲ, ಚಿನ್ನ, ಬೆಳ್ಳಿ, ಮರದ ಕೈಗೆಲಸಕ್ಕೆ.

ಇನ್ನು ದಿನನಿತ್ಯದ ಮಾತು. ಕೀರ್ತನೆಗಳನ್ನು ಎರಡು ಗುಂಪಾಗಿ ಸರದಿಯಲ್ಲಿ ಹೇಳುವ ಕಡೆ, ವಚನದ ನಡುವೆ ಒಂದು ಸಣ್ಣ ನಿಲುಗಡೆ ಇರುತ್ತದೆ. ಹೊಸಬರೆಲ್ಲ ಅಲ್ಲಿ ಮುಗ್ಗರಿಸುತ್ತಾರೆ. ನಾನು ವಾರಗಟ್ಟಲೆ ಆ ಮೌನದೊಳಗೆ ಒಬ್ಬನೇ ಕೂಗಿದ್ದೇನೆ. ಹೀಬ್ರೂ ಕಾವ್ಯದಲ್ಲಿ ಎರಡನೇ ಸಾಲು ಮೊದಲಿನದಕ್ಕೆ ಓಗೊಡುತ್ತದೆ ಎಂಬ ‘ಸಮಾನಾಂತರತೆ’ಯ ಪಾಠವನ್ನು ತರಗತಿಯಲ್ಲಿ ಬಾಯಿಪಾಠ ಮಾಡಿದ್ದೆ. ಅರ್ಥವಾದದ್ದು ಆ ನಿಲುಗಡೆಯಲ್ಲಿ ಪಕ್ಕದವನ ಉಸಿರಿಗೆ ಕಾಯಲು ಕಲಿತ ಮೇಲೆ.