ಒಂದು ಕಾಲದ ‘ಜಗತ್ತಿನ ಮಾನದಂಡ’ ಕ್ಯಾಡಿಲ್ಯಾಕ್ ಈಗ ಇಷ್ಟು ಅಗ್ಗಕ್ಕೆ ಸಿಗುವುದೇಕೆ?

ಓದುಗರ ಪ್ರಶ್ನೆ: ಅಮೆರಿಕದಲ್ಲಿ ಸೆಕೆಂಡ್ ಹ್ಯಾಂಡ್ ಕಾರು ಹುಡುಕುತ್ತಿದ್ದೇನೆ. ಹಳೆಯ ಕ್ಯಾಡಿಲ್ಯಾಕ್‌ಗಳು ಅದೇ ವಯಸ್ಸಿನ ಜಪಾನಿ ಕಾರುಗಳಿಗಿಂತ ಕಡಿಮೆ ಬೆಲೆಗೆ ಕಾಣುತ್ತಿವೆ. ಅಷ್ಟು ದೊಡ್ಡ ಹೆಸರು ಕೆಟ್ಟಿದ್ದು ಹೇಗೆ? ಧೈರ್ಯ ಮಾಡಿ ತಗೊಳ್ಳಬಹುದೇ?

ಉತ್ತರ: ತಗೊಳ್ಳಬಹುದು, ಆದರೆ ಬಾನೆಟ್ ಮೇಲಿನ ಲಾಂಛನ ನೋಡಿ ಮರುಳಾಗದೆ ಅದರ ಕೆಳಗೆ ಯಾವ ಎಂಜಿನ್ ಇದೆ ಎಂದು ತಿಳಿದುಕೊಂಡ ಮೇಲೆ. ಅಮೆರಿಕದ ಐಷಾರಾಮಿ ಕಾರು ಕ್ಯಾಡಿಲ್ಯಾಕ್‌ಗೆ ಹೆಸರು ಬಂದದ್ದೂ ಹೋದದ್ದೂ ಎಂಜಿನ್ ಕೋಣೆಯಲ್ಲೇ. ಕಾರಿನ ಹಿಂಬದಿಯಲ್ಲಿ ಎದ್ದು ನಿಲ್ಲುವ ಅಲಂಕಾರದ ರೆಕ್ಕೆಗಳ ಫ್ಯಾಷನ್ ಮುಗಿಯಿತು, ಕಾರು ದೊಡ್ಡದಾಯಿತು, ಜರ್ಮನರು ಬಂದರು ಎಂದೆಲ್ಲ ಕಾರಣ ಹೇಳುವುದುಂಟು. ಅವೆಲ್ಲ ಅರ್ಧ ಸತ್ಯ. ಅರೆಬೆಂದ ಎಂಜಿನ್‌ಗಳನ್ನು ಒಂದರ ಹಿಂದೆ ಒಂದು ಗಿರಾಕಿಯ ತಲೆಗೆ ಕಟ್ಟಿದ್ದು ಮುಖ್ಯ ಕಾರಣ.

ಮೊದಲು ಹೆಸರು ಬಂದ ಬಗೆ. 1902ರಲ್ಲಿ ಹೆನ್ರಿ ಫೋರ್ಡ್ ತನ್ನ ಆಗಿನ ಕಂಪನಿಯನ್ನು ಬಿಟ್ಟು ಹೊರಟಾಗ, ಉಳಿದ ಯಂತ್ರಗಳಿಗೆ ಬೆಲೆ ಕಟ್ಟಲು ಪಾಲುದಾರರು ಹೆನ್ರಿ ಲೀಲ್ಯಾಂಡ್ ಎಂಬಾತನನ್ನು ಕರೆಸಿದರು. ಮಾರುವುದು ಬೇಡ, ನನ್ನ ಎಂಜಿನ್ ಹಾಕಿ ಕಾರು ಮಾಡಿ ಎಂದ ಆತ. ಡೆಟ್ರಾಯ್ಟ್ ಊರನ್ನು ಕಟ್ಟಿದ ಫ್ರೆಂಚ್ ಅಧಿಕಾರಿಯ ಹೆಸರನ್ನೇ ಕಂಪನಿಗೆ ಇಟ್ಟರು. ಲೀಲ್ಯಾಂಡ್ ಬಂದೂಕು ಕಾರ್ಖಾನೆಗಳಲ್ಲಿ ಪಳಗಿದ ಕೈ. ಒಂದು ಬಂದೂಕಿನ ಬಿಡಿಭಾಗ ಇನ್ನೊಂದಕ್ಕೆ ತಿದ್ದದೆ ಕೂರಬೇಕು ಎಂಬುದು ಅಲ್ಲಿನ ನಿಯಮ. ಆ ಕಾಲದ ಕಾರು ಕಾರ್ಖಾನೆಗಳಲ್ಲಿ ಹಾಗಿರಲಿಲ್ಲ. ಪ್ರತಿ ಭಾಗವನ್ನೂ ಅರದಿಂದ ಉಜ್ಜಿ ಆಯಾ ಕಾರಿಗೆ ಹೊಂದಿಸುತ್ತಿದ್ದರು.

1908ರಲ್ಲಿ ಇದಕ್ಕೊಂದು ಬಹಿರಂಗ ಪರೀಕ್ಷೆ ನಡೆಯಿತು. ಇಂಗ್ಲೆಂಡಿನ ರಾಯಲ್ ಆಟೊಮೊಬೈಲ್ ಕ್ಲಬ್‌ನವರು ಲಂಡನ್ನಿನ ಡೀಲರ್ ಬಳಿಯಿದ್ದ ಒಂಟಿ ಸಿಲಿಂಡರಿನ ಕ್ಯಾಡಿಲ್ಯಾಕ್‌ಗಳಲ್ಲಿ ಮೂರನ್ನು ತಾವೇ ಆರಿಸಿ, ಬ್ರೂಕ್‌ಲ್ಯಾಂಡ್ಸ್ ರೇಸ್ ಟ್ರ್ಯಾಕಿಗೆ ಓಡಿಸಿಕೊಂಡು ಹೋಗಿ, ನಟ್ಟು ಬೋಲ್ಟು ಸಮೇತ ಪೂರ್ತಿ ಬಿಚ್ಚಿ ಹಾಕಿಸಿದರು. ಒಂದೊಂದು ಕಾರಿನದು 721 ಭಾಗ. ಮೂರರದ್ದನ್ನೂ ಒಂದೇ ರಾಶಿಯಾಗಿ ಬೆರೆಸಿ, ಅದರಲ್ಲಿ 89 ಭಾಗಗಳನ್ನು ತೆಗೆದಿಟ್ಟು ಡೀಲರ್‌ನ ಬಿಡಿಭಾಗದ ದಾಸ್ತಾನಿನಿಂದ ಬೇರೆ ಕೊಟ್ಟರು. ಮೆಕ್ಯಾನಿಕ್‌ಗಳ ಕೈಯಲ್ಲಿ ಸ್ಪ್ಯಾನರ್, ಸ್ಕ್ರೂಡ್ರೈವರ್ ಬಿಟ್ಟರೆ ಬೇರೇನೂ ಇಲ್ಲ. ಅರ ಮುಟ್ಟುವ ಹಾಗೇ ಇಲ್ಲ. ಜೋಡಿಸಿದ ಮೂರೂ ಕಾರುಗಳು 500 ಮೈಲಿ, ಅಂದರೆ ಸುಮಾರು 800 ಕಿ.ಮೀ. ಟ್ರ್ಯಾಕ್ ಮೇಲೆ ಓಡಿದವು. ಭಾಗಗಳ ಜೊತೆ ಬಣ್ಣಗಳೂ ಬೆರೆತು ನೋಡಲು ಸೋಗಿನ ವೇಷದ ಹಾಗಿದ್ದವಂತೆ. ಕ್ಲಬ್ ಕೊಡುವ ಡ್ಯೂವರ್ ಟ್ರೋಫಿ ಬಂತು. ‘ಜಗತ್ತಿನ ಮಾನದಂಡ’ ಎಂಬ ಬಿರುದನ್ನು ಕಂಪನಿ ಜಾಹೀರಾತಿಗೆ ಹಾಕಿಕೊಂಡಿತು. ಜಂಬದ ಮಾತೇ, ಆದರೆ ಅದಕ್ಕೆ ಪುರಾವೆ ಇತ್ತು.

ಮುಂದಿನ ವರ್ಷವೇ ಜನರಲ್ ಮೋಟಾರ್ಸ್ (ಜಿಎಂ) ಕ್ಯಾಡಿಲ್ಯಾಕನ್ನು ಕೊಂಡುಕೊಂಡಿತು. 1912ರ ಮಾದರಿಯಲ್ಲಿ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಎಲೆಕ್ಟ್ರಿಕ್ ಸ್ಟಾರ್ಟರ್ ಬಂತು. ಹ್ಯಾಂಡಲ್ ಹೊಡೆಯುವಾಗ ಎಂಜಿನ್ ತಿರುಗಿ ಒದ್ದರೆ ಮಣಿಕಟ್ಟು ಮುರಿಯುತ್ತಿದ್ದ ಕಾಲ ಅದು, ಹಾಗಾಗಿ ಇದು ಬರೀ ಸುಖದ ಸಾಧನವಲ್ಲ. 1915ರ ಮಾದರಿಗೆ ವಿ8, ಅಂದರೆ ‘ವಿ’ ಆಕಾರದಲ್ಲಿ ಜೋಡಿಸಿದ ಎಂಟು ಸಿಲಿಂಡರಿನ ಎಂಜಿನ್; 1930ರಲ್ಲಿ ಹದಿನಾರರ ವಿ16. 1948ರಲ್ಲಿ ಪಿ-38 ಯುದ್ಧವಿಮಾನದ ಬಾಲ ನೋಡಿ ಮಾಡಿದ ಚಿಕ್ಕ ರೆಕ್ಕೆಗಳು ಬಂದವು, 1959ರ ಹೊತ್ತಿಗೆ ಅವು ಎತ್ತರದ ತುತ್ತತುದಿ ಮುಟ್ಟಿದವು. ಕಾರಿನ ಉದ್ದ 5.7 ಮೀಟರ್. ಎಲ್ಲರ ಕಣ್ಣೂ ರೆಕ್ಕೆಯ ಮೇಲೆ. ನಮ್ಮ ಲೆಕ್ಕದಲ್ಲಿ ಹೆಚ್ಚು ಮುಖ್ಯವಾದದ್ದು 1949ರ 331 ಘನ ಇಂಚಿನ ವಿ8. 1950ರಲ್ಲಿ ಹೆಚ್ಚುಕಡಿಮೆ ಷೋರೂಮ್ ಕಾರಿನಂತಿದ್ದ ಒಂದು ಕ್ಯಾಡಿಲ್ಯಾಕ್ ಫ್ರಾನ್ಸಿನ ಲ ಮಾನ್ 24 ಗಂಟೆಗಳ ರೇಸಿನಲ್ಲಿ ಹತ್ತನೆಯದಾಗಿ ಗುರಿ ಮುಟ್ಟಿತು. ವಾಲ್ವ್‌ಗಳು ಹೆಡ್‌ನಲ್ಲೇ (ಸಿಲಿಂಡರುಗಳ ಮೇಲಿನ ಮುಚ್ಚಳದಲ್ಲೇ) ಇರುವ ಆ ಎಂಜಿನ್ ಇಂದಿಗೂ ಹಳೆ ಕಾರು ಕಟ್ಟುವವರ ಮೆಚ್ಚಿನದು.

ಇಳಿಜಾರು ಶುರುವಾದದ್ದು ಎಪ್ಪತ್ತರ ದಶಕದ ಕೊನೆಗೆ. 1970ರ ಎಲ್ಡೊರಾಡೊ ಎಂಬ ಮಾದರಿಯಲ್ಲಿ 8.2 ಲೀಟರಿನ ಎಂಜಿನ್ ಇತ್ತು; ಪೆಟ್ರೋಲ್ ಕುಡಿಯುವುದನ್ನು ಕೇಳಬೇಡಿ. ತೈಲ ಬಿಕ್ಕಟ್ಟಿನ ನಂತರ 1975ರಲ್ಲಿ ಅಮೆರಿಕ ಸರ್ಕಾರ ಕಾನೂನು ತಂದಿತು: ಒಂದು ಕಂಪನಿ ಮಾರುವ ಎಲ್ಲ ಕಾರುಗಳ ಸರಾಸರಿ ಮೈಲೇಜ್ 1978ಕ್ಕೆ ಗ್ಯಾಲನ್ನಿಗೆ 18 ಮೈಲಿ, 1985ಕ್ಕೆ 27.5 ಮೈಲಿ ಮುಟ್ಟಬೇಕು. ನಮ್ಮ ಲೆಕ್ಕಕ್ಕೆ ಲೀಟರಿಗೆ 7.6ರಿಂದ 11.7 ಕಿ.ಮೀ. ಗಿರಾಕಿಗೆ ಅದೇ ಸದ್ದಿಲ್ಲದ ದೊಡ್ಡ ಕಾರು ಬೇಕು, ಸರ್ಕಾರಕ್ಕೆ ಮೈಲೇಜ್ ಬೇಕು. ಕಂಪನಿ ಕೈಗೆ ಸಿಕ್ಕಿದ ಮೂರು ಉಪಾಯಗಳನ್ನು ಹೂಡಿತು, ಮೂರೂ ಕೈಕೊಟ್ಟವು.

ಮೊದಲನೆಯದು ಜಿಎಂನದೇ ಓಲ್ಡ್ಸ್‌ಮೊಬೈಲ್ ವಿಭಾಗದ 5.7 ಲೀಟರ್ ಡೀಸೆಲ್ ವಿ8. 1980ರ ಸೆವಿಲ್ ಮಾದರಿಯಲ್ಲಂತೂ ಡೀಸೆಲ್ಲೇ ಮೂಲ ಎಂಜಿನ್. ಪೆಟ್ರೋಲ್ ಬೇಕಿದ್ದವರು ಕೇಳಿ ಹಾಕಿಸಿಕೊಳ್ಳಬೇಕಿತ್ತು. ಪೆಟ್ರೋಲ್ ಎಂಜಿನ್‌ನ ಕಂಪ್ರೆಷನ್ (ಸಿಲಿಂಡರಿನಲ್ಲಿ ಗಾಳಿಯನ್ನು ಅದುಮುವ ಪ್ರಮಾಣ) ಸುಮಾರು 8:1 ಇದ್ದರೆ ಇದರದು 22.5:1. ಬ್ಲಾಕನ್ನು, ಅಂದರೆ ಸಿಲಿಂಡರುಗಳಿರುವ ಎಂಜಿನ್ ಒಡಲನ್ನು, ದಪ್ಪ ಮಾಡಿದ್ದರು, ಸರಿಯೇ. ಆದರೆ ಕಾರ್ಖಾನೆಯ ಯಂತ್ರಗಳನ್ನು ಬದಲಿಸಬಾರದೆಂದು ಹೆಡ್ ಬೋಲ್ಟುಗಳ ಸಂಖ್ಯೆ, ಜಾಗ ಎರಡನ್ನೂ ಪೆಟ್ರೋಲ್ ಎಂಜಿನ್‌ನದ್ದೇ ಇಟ್ಟರು: ಒಂದು ಹೆಡ್ಡಿಗೆ ಹತ್ತು. ಒತ್ತಡ ತಾಳದೆ ಬೋಲ್ಟು ಹಿಗ್ಗಿ, ಹೆಡ್ ಮತ್ತು ಬ್ಲಾಕಿನ ಸಂದು ಮುಚ್ಚುವ ಗ್ಯಾಸ್ಕೆಟ್ ಹೋಗಿ, ಎಂಜಿನ್ ತಣಿಸುವ ನೀರು (ಕೂಲಂಟ್) ಸಿಲಿಂಡರಿಗೆ ಇಳಿಯುತ್ತಿತ್ತು. ನೀರು ಗಾಳಿಯಂತೆ ಕುಗ್ಗುವುದಿಲ್ಲವಲ್ಲ, ಪಿಸ್ಟನ್ ಮೇಲೆ ಬಂದಾಗ ಕನೆಕ್ಟಿಂಗ್ ರಾಡ್ ಬಗ್ಗುತ್ತಿತ್ತು. ಹಿಗ್ಗಿದ ಹಳೆ ಬೋಲ್ಟನ್ನೇ ಮತ್ತೆ ಬಿಗಿದು ಕೊಡುವ ಮೆಕ್ಯಾನಿಕ್‌ಗಳೂ ಇದ್ದರು. ಅಂಥ ರಿಪೇರಿ ಹೆಚ್ಚು ದಿನ ಬಾಳುತ್ತಿರಲಿಲ್ಲ. ಸಾಲದ್ದಕ್ಕೆ ಡೀಸೆಲ್‌ನಿಂದ ನೀರು ಬೇರ್ಪಡಿಸುವ ಸೆಪರೇಟರ್ ಇರಲಿಲ್ಲ, ಇಂಜೆಕ್ಷನ್ ಪಂಪಿಗೆ ತುಕ್ಕು ಹಿಡಿಯುತ್ತಿತ್ತು. ನೀರು ಹೋಗಲೆಂದು ಕೆಲವರು ಟ್ಯಾಂಕಿಗೆ ಆಲ್ಕೊಹಾಲ್ ಸುರಿದು ಪಂಪಿನ ಸೀಲುಗಳನ್ನೂ ಕಳೆದುಕೊಂಡರು. ಅಮೆರಿಕದಲ್ಲಿ ಡೀಸೆಲ್ ಕಾರೆಂದರೆ ಜನ ಇಂದಿಗೂ ಹಿಂದೇಟು ಹಾಕುವುದಕ್ಕೆ ಈ ಎಂಜಿನ್‌ನ ಪಾಲು ಸಣ್ಣದಲ್ಲ.

ಎರಡನೆಯದು 1981ರ ವಿ8-6-4. ಹೆದ್ದಾರಿಯಲ್ಲಿ ಹದವಾಗಿ ಹೋಗುವಾಗ ಎಂಟು ಸಿಲಿಂಡರ್‌ಗಳಲ್ಲಿ ಎರಡೋ ನಾಲ್ಕೋ ಮಲಗಬೇಕು, ಕಾಲು ಒತ್ತಿದರೆ ಎಲ್ಲವೂ ಏಳಬೇಕು. ವಾಲ್ವನ್ನು ಒತ್ತಿ ತೆರೆಯುವ ಸನ್ನೆಯಾದ ರಾಕರ್ ಆರ್ಮ್ ಮೇಲಿನ ಸೊಲೆನಾಯ್ಡ್ (ವಿದ್ಯುತ್ತಿನಿಂದ ಕದಲುವ ಕೊಕ್ಕೆ) ಅದರ ಆಸರೆಯ ಬಿಂದುವನ್ನು ಸಡಿಲಿಸುತ್ತದೆ. ಪುಶ್ ರಾಡ್ ಏರಿಳಿಯುತ್ತದೆ, ವಾಲ್ವ್ ಮಾತ್ರ ತೆರೆಯುವುದಿಲ್ಲ. ಎಷ್ಟು ಸಿಲಿಂಡರ್ ಕೆಲಸದಲ್ಲಿವೆ ಎಂದು ಡ್ಯಾಷ್‌ಬೋರ್ಡ್ ತೋರಿಸುತ್ತಿತ್ತು. ಯಂತ್ರದ ಭಾಗ ಗಟ್ಟಿಯೇ ಇತ್ತು. ಎಡವಿದ್ದು ಆಗಿನ ಕಂಪ್ಯೂಟರ್: ತೀರ್ಮಾನ ತಡವಾಗಿ, ಕಾರು ತಡವರಿಸಿ ಜಗ್ಗುತ್ತಿತ್ತು. ಕೊನೆಗೆ ಗ್ಯಾರೇಜಿನವರು ಕಂಡುಕೊಂಡ ಮದ್ದು ಎಂದರೆ ಗೇರ್‌ಬಾಕ್ಸ್‌ಗೆ ಹೋಗುವ ಒಂದು ತಂತಿಯನ್ನು ಕಳಚಿಬಿಡುವುದು. ಆಮೇಲೆ ಅದು ಸದಾ ಎಂಟು ಸಿಲಿಂಡರಿನ, ತಕರಾರಿಲ್ಲದ 6 ಲೀಟರ್ ಎಂಜಿನ್. ಇವತ್ತು ಇಂಥ ಕಾರು ಸಿಕ್ಕಿ ಆ ತಂತಿ ಬಿಚ್ಚಿದ್ದರೆ ಹೆದರಬೇಕಿಲ್ಲ.

ಮೂರನೆಯದೇ ಎಲ್ಲಕ್ಕಿಂತ ಕೆಟ್ಟದ್ದು: 1982ರ ಎಚ್‌ಟಿ4100. 4.1 ಲೀಟರ್, 125 ಅಶ್ವಶಕ್ತಿ, ಎರಡು ಟನ್ನಿನ ಆಸುಪಾಸಿನ ಕಾರು. ಬ್ಲಾಕ್ ಅಲ್ಯೂಮಿನಿಯಂ, ಹೆಡ್ ಎರಕದ ಕಬ್ಬಿಣ. ಬಿಸಿಯಾದಾಗ ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ; ನಡುವೆ ಸಿಕ್ಕಿಕೊಂಡ ಗ್ಯಾಸ್ಕೆಟ್ ಪ್ರತಿ ಸಲವೂ ಉಜ್ಜಿಸಿಕೊಳ್ಳುತ್ತದೆ. ಸಿಲಿಂಡರುಗಳಿಗೆ ಗಾಳಿ ಒಯ್ಯುವ ಇನ್‌ಟೇಕ್ ಮ್ಯಾನಿಫೋಲ್ಡಿನ ಬುಡದಲ್ಲಿ ಕೂಲಂಟ್ ಸೋರಿ ಆಯಿಲ್ ಸೇರುತ್ತಿತ್ತು. ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದರೆ ಕ್ಯಾಮ್ ಬೇರಿಂಗ್‌ಗಳ ಕಥೆ ಮುಗಿದಂತೆ. ಕೂಲಂಟ್ ಬದಲಿಸಿದಾಗಲೆಲ್ಲ ಸೋರಿಕೆ ಮುಚ್ಚುವ ಸೀಲರ್ ಗುಳಿಗೆಯನ್ನು ಹಾಕಬೇಕೆಂದು ಕಂಪನಿಯೇ ಹೇಳುತ್ತಿತ್ತು. ಹೊಸ ಕಾರಿಗೆ!

ಅದೇ ವರ್ಷದ ಸಿಮರಾನ್ ಎಂಬ ಚಿಕ್ಕ ಕ್ಯಾಡಿಲ್ಯಾಕ್‌ನಲ್ಲಿ ಎಂಜಿನ್ ಕೆಟ್ಟದ್ದಿರಲಿಲ್ಲ, ಮರ್ಯಾದೆ ಕೆಟ್ಟಿತು. ಷೆವ್ರೊಲೆ ಕ್ಯಾವಲಿಯರ್ ಎಂಬ ಅಗ್ಗದ ಕಾರಿಗೇ ಚರ್ಮದ ಸೀಟು ಹೊದಿಸಿ, 1.8 ಲೀಟರಿನ ನಾಲ್ಕು ಸಿಲಿಂಡರ್ ಎಂಜಿನ್ ಸಮೇತ ದುಬಾರಿ ಬೆಲೆಗೆ ಮಾರಿದರು. ಹೊರಗೆ ಥಳಕು ಒಳಗೆ ಹುಳುಕು ಎಂದು ಗಿರಾಕಿಗೆ ತಿಳಿಯಲು ಪಕ್ಕದ ಷೆವ್ರೊಲೆ ಷೋರೂಮಿಗೆ ಒಮ್ಮೆ ಇಣುಕಿದರೆ ಸಾಕಿತ್ತು. 1986ರಲ್ಲಿ ಎಲ್ಡೊರಾಡೊವನ್ನು ಗುರುತು ಸಿಗದಷ್ಟು ಕುಗ್ಗಿಸಿದಾಗ ಅದರ ಮಾರಾಟ ಒಂದೇ ವರ್ಷದಲ್ಲಿ ಮೂರನೇ ಒಂದಕ್ಕಿಂತ ಕೆಳಗೆ ಬಿತ್ತು. 1989ರಲ್ಲಿ ಜಪಾನಿನ ಐಷಾರಾಮಿ ಕಾರು ಲೆಕ್ಸಸ್ ಬಂದಾಗ ಜಾಗ ಖಾಲಿಯೇ ಇತ್ತು.

ಈಗ ನೀವು ನೋಡುತ್ತಿರುವ ಅಗ್ಗದ ಕಾರುಗಳಿಗೆ ಬರೋಣ. ಅವುಗಳಲ್ಲಿ ಬಹುಪಾಲು ನಾರ್ತ್‌ಸ್ಟಾರ್ ಎಂಜಿನ್‌ನವು: 4.6 ಲೀಟರ್, 32 ವಾಲ್ವ್, 1993ರಿಂದ. ಓಡಿಸಲು ಸೊಗಸು, ಅದರಲ್ಲಿ ಎರಡು ಮಾತಿಲ್ಲ. ಅಲ್ಯೂಮಿನಿಯಂ ಬ್ಲಾಕಿನಲ್ಲಿ ಹೆಡ್ ಬೋಲ್ಟು ಹಿಡಿಯುವ ಥ್ರೆಡ್ ಸವೆದು ಕಿತ್ತುಬರುವುದು ಇದರ ರೋಗ. ಮತ್ತೆ ಬೋಲ್ಟೇ! 2004ರ ಸುಮಾರಿಗೆ ದೊರಗು ಥ್ರೆಡ್ಡಿನ ಬೋಲ್ಟು ಬಂದ ಮೇಲೆ ಕಾಟ ಬಹಳ ಕಡಿಮೆಯಾಯಿತು. ಅದಕ್ಕಿಂತ ಹಳೆಯದಾದರೆ ಹೀಗೆ ನೋಡಿ. ಕಾರು ತಣ್ಣಗಿರುವಾಗ ಕೂಲಂಟ್ ಟ್ಯಾಂಕಿನ ಮಟ್ಟ ಗುರುತಿಟ್ಟುಕೊಳ್ಳಿ. ಅರ್ಧ ಗಂಟೆ ಹೆದ್ದಾರಿಯಲ್ಲಿ, ಸಾಧ್ಯವಾದರೆ ಒಂದು ಏರು ಹತ್ತಿಸಿ ಓಡಿಸಿ. ಮನೆ ಮುಂದೆ ನಿಂತಲ್ಲೇ ಚಾಲೂ ಇಟ್ಟರೆ ಈ ರೋಗ ಹೊರಬೀಳುವುದಿಲ್ಲ. ತಾಪದ ಮುಳ್ಳು ಏರಿತೇ, ಟ್ಯಾಂಕಿನಲ್ಲಿ ಗುಳ್ಳೆ ಏಳುತ್ತಿವೆಯೇ ನೋಡಿ. ಬಿಡಿಭಾಗದ ಅಂಗಡಿಯಲ್ಲಿ ಸಿಗುವ ನೀಲಿ ದ್ರವದ ಪರೀಕ್ಷಾ ಕಿಟ್‌ನಿಂದ ಟ್ಯಾಂಕಿನ ಆವಿಯನ್ನು ಹಾಯಿಸಿ. ನೀಲಿ ಹಳದಿಯಾದರೆ ಸಿಲಿಂಡರಿನ ಹೊಗೆ ಕೂಲಂಟ್ ಸೇರುತ್ತಿದೆ ಎಂದರ್ಥ.

ಹಳದಿಯಾಗದೆ ಬರೀ ಬಿಸಿಯೇರುತ್ತಿದ್ದರೆ ಕೈಬಿಡುವ ಮುನ್ನ ಟ್ಯಾಂಕಿಗೆ ಬರುವ, ಸಿಕ್ಕಿಕೊಂಡ ಗಾಳಿಯನ್ನು ಹೊರಹಾಕುವ ಸಣ್ಣ ಪರ್ಜ್ ಕೊಳವೆ ಕಟ್ಟಿಕೊಂಡಿದೆಯೇ ನೋಡಿಸಿ. ತಂತಿ ಹಾಕಿ ತೆರೆದರೆ ಮುಗಿಯುವ ಕೆಲಸ. ಅದನ್ನೇ ಹೆಡ್ ಗ್ಯಾಸ್ಕೆಟ್ ಎಂದುಕೊಂಡು ಕಾರನ್ನೇ ಗುಜರಿಗೆ ಹಾಕಿದವರಿದ್ದಾರೆ. ನಿಜವಾದ ರೋಗವೇ ಆದರೆ ಎಂಜಿನ್ ಕೆಳಗಿಳಿಸಿ, ಇಪ್ಪತ್ತೂ ಬೋಲ್ಟಿನ ರಂಧ್ರಗಳನ್ನು ಕೊರೆದು ಉಕ್ಕಿನ ಥ್ರೆಡ್ ಕೂರಿಸಬೇಕು ಅಥವಾ ಸ್ಟಡ್ ಹಾಕಬೇಕು. ‘ಕೆಟ್ಟದ್ದೊಂದನ್ನೇ ಮಾಡಿಕೊಡುತ್ತೇನೆ’ ಎನ್ನುವವನ ಕೈಗೆ ಕೊಡಬೇಡಿ. ರಿಪೇರಿ ಖರ್ಚು ಕಾರಿನ ಬೆಲೆಯನ್ನೇ ಮೀರುತ್ತದೆ, ಅಗ್ಗದ ಗುಟ್ಟು ಇದೇ. ಸ್ಟಾರ್ಟರ್ ಮೋಟಾರ್ ಇನ್‌ಟೇಕ್ ಮ್ಯಾನಿಫೋಲ್ಡಿನ ಅಡಿಯಲ್ಲಿದೆ ಎಂಬುದೂ ನೆನಪಿರಲಿ. ಅದು ಹೋದರೆ ಮೇಲಿನದ್ದನ್ನೆಲ್ಲ ಬಿಚ್ಚಬೇಕು.

2003ರ ಸಿಟಿಎಸ್‌ನಿಂದ ಕ್ಯಾಡಿಲ್ಯಾಕ್ ನಿಜಕ್ಕೂ ಸುಧಾರಿಸಿತು. ಎಂಜಿನ್ ಹಿಂದಿನ ಚಕ್ರಗಳನ್ನು ತಿರುಗಿಸುವ, ತಿರುವಿನಲ್ಲಿ ಜರ್ಮನ್ ಕಾರುಗಳ ಜೊತೆ ನಿಲ್ಲುವ ಕಾರು ಅದು. ಹಣ ತಂದದ್ದು ಮಾತ್ರ 1998ರಲ್ಲಿ ಲಿಂಕನ್ ನ್ಯಾವಿಗೇಟರ್‌ಗೆ ಉತ್ತರವಾಗಿ ತರಾತುರಿಯಲ್ಲಿ ಜಿಎಂಸಿ ಯೂಕಾನ್‌ಗೆ ಲಾಂಛನ ಹಚ್ಚಿ ಬಿಟ್ಟ ದೊಡ್ಡ ಎಸ್‌ಯುವಿ ಎಸ್ಕಲೇಡ್. ಸಿಮರಾನ್‌ನ ಉಪಾಯವೇ, ಈ ಸಲ ಕೆಳಗಿದ್ದ ವಾಹನ ಚೆನ್ನಾಗಿತ್ತು, ಅಷ್ಟೇ ವ್ಯತ್ಯಾಸ. 2007ರ ನಂತರದ 3.6 ಲೀಟರ್ ವಿ6 ಕೊಳ್ಳುವುದಾದರೆ ಆಯಿಲ್ ಬದಲಿಸಿದ ರಸೀದಿಗಳನ್ನು ಕೇಳಿ, ತಡಮಾಡಿದ್ದರೆ ಟೈಮಿಂಗ್ ಚೈನ್ ಸಡಿಲವಾಗಿರುತ್ತದೆ. 2013ರಿಂದ ಕೆಲವು ವರ್ಷಗಳ ಮಾದರಿಗಳಲ್ಲಿ ಟಚ್‌ಸ್ಕ್ರೀನಿನ ಮೇಲಿನ ಪದರ ಜೇಡರಬಲೆಯಂತೆ ಬಿರುಕು ಬಿಡುತ್ತದೆ. ಪೂರ್ತಿ ಯೂನಿಟ್ ಬೇಕಿಲ್ಲ, ಆ ಪದರವಷ್ಟೇ ಬದಲಿಸಬಹುದು. 2021ರಿಂದ 2024ರ 6.2 ಲೀಟರ್ ಎಸ್ಕಲೇಡ್ ಆಗಿದ್ದರೆ ಚಾಸಿ ನಂಬರ್ ಹಾಕಿ ರೀಕಾಲ್ ನೋಡಲೇಬೇಕು. ಕ್ರ್ಯಾಂಕ್‌ಶಾಫ್ಟ್, ಕನೆಕ್ಟಿಂಗ್ ರಾಡ್ ದೋಷಕ್ಕಾಗಿ 2025ರ ಏಪ್ರಿಲ್‌ನಲ್ಲಿ ಜಿಎಂ ಈ ಎಂಜಿನ್‌ನ ಸುಮಾರು 6 ಲಕ್ಷ ವಾಹನಗಳನ್ನು ವಾಪಸು ಕರೆಯಿತು. ಪರೀಕ್ಷೆಯಲ್ಲಿ ಪಾಸಾದವಕ್ಕೆ ಹೆಚ್ಚು ಮಂದವಾದ 0ಡಬ್ಲ್ಯು-40 ಆಯಿಲ್ ತುಂಬಿ ಕಳಿಸುತ್ತಾರೆ.

ತೀರಾ ಕಡಿಮೆ ದುಡ್ಡಿನಲ್ಲಿ ಹಳೆಯ ಕ್ಯಾಡಿಲ್ಯಾಕ್ ಸುಖ ಬೇಕೆಂದರೆ ನಮ್ಮ ಆಯ್ಕೆ 1991ರಿಂದ 1995ರವರೆಗಿನ 4.9 ಲೀಟರ್ ಡಿ ವಿಲ್ ಮಾದರಿ. ಎಚ್‌ಟಿ4100ರ ವಂಶದ್ದೇ, ಆದರೆ ಹತ್ತು ವರ್ಷ ತಿದ್ದಿ ತಿದ್ದಿ ಸರಿಯಾದ ಕುಡಿ, 200 ಅಶ್ವಶಕ್ತಿ. ಬಾನೆಟ್ ಎತ್ತದೆಯೇ ಗುರುತಿಸಬಹುದು: ಚಾಸಿ ನಂಬರಿನ ಎಂಟನೇ ಅಕ್ಷರ ‘ಬಿ’ ಇದ್ದರೆ 4.9, ‘ವೈ’ ಅಥವಾ ‘9’ ಇದ್ದರೆ ನಾರ್ತ್‌ಸ್ಟಾರ್. ಎಂಬತ್ತರ ದಶಕದ ಕಾರಿನಲ್ಲಿ ಆ ಜಾಗದಲ್ಲಿ ‘8’ ಕಂಡರೆ ಎಚ್‌ಟಿ4100, ‘ಎನ್’ ಕಂಡರೆ ಆ ಡೀಸೆಲ್; ಎರಡನ್ನೂ ಬಿಟ್ಟು ಮುಂದೆ ನಡೆಯಿರಿ.