ಅಟ್ಟದ ಮೇಲಿದ್ದ ರಾಜಕುಮಾರನ ಬೆಲೆ

ಹೋದ ವರ್ಷ ದಸರಾಕ್ಕೆ ಮೊದಲು ಮೈಸೂರಿನ ಸರಸ್ವತಿಪುರಂನ ನಮ್ಮ ಹಳೆಯ ಮನೆಗೆ ಸುಣ್ಣಬಣ್ಣ ಮಾಡಿಸಲು ಅಟ್ಟ ಖಾಲಿ ಮಾಡಿದೆವು. ಪಟ್ಟದ ಬೊಂಬೆಗಳ ಟ್ರಂಕಿನ ಹಿಂದೆ, ಬಿಸ್ಕತ್ತಿನ ಡಬ್ಬಿಯೊಂದರಲ್ಲಿ, ಹಳೆಯ ಕಂಪ್ಯೂಟರುಗಳಿಗೆ ಹಾಕುತ್ತಿದ್ದ ಐದೂಕಾಲು ಅಂಗುಲದ ಎರಡು ಫ್ಲಾಪಿಗಳು ಸಿಕ್ಕವು. ಮೇಲೆ ನೀಲಿ ಬಾಲ್‌ಪೆನ್ನಿನಲ್ಲಿ ನನ್ನದೇ ಕೈಬರಹ: ‘ಪ್ರಿನ್ಸ್ 1’, ‘ಪ್ರಿನ್ಸ್ 2’. ತಮ್ಮನ ಮಗ ಅವನ್ನು ತಿರುವಿ ನೋಡಿ, ಮೊಬೈಲಿನಲ್ಲಿ ಏನನ್ನೋ ಹುಡುಕಿ, ‘ದೊಡ್ಡಪ್ಪ, ಹಳೆಯ ವಿಡಿಯೊ ಗೇಮ್ ಕೋಟಿಗಟ್ಟಲೆಗೆ ಹೋಗಿದೆಯಂತೆ. ಇದು ಲಕ್ಷವಾದರೂ ಬಾಳುತ್ತದೆ’ ಎಂದ.

ಬಾಳುವುದಿಲ್ಲ. ಚಿಕ್ಕಾಸೂ ಬಾಳುವುದಿಲ್ಲ. ಆದರೆ ಅವನು ಓದಿದ್ದು ಸುಳ್ಳೂ ಅಲ್ಲ. 2021ರ ಜುಲೈನಲ್ಲಿ ಅಮೆರಿಕದ ಹರಾಜೊಂದರಲ್ಲಿ ಸೂಪರ್ ಮಾರಿಯೊ 64 ಆಟದ ಒಡೆಯದ ಪೆಟ್ಟಿಗೆಯೊಂದು 15.6 ಲಕ್ಷ ಡಾಲರಿಗೆ ಹೋಯಿತು. ಆಗಿನ ಲೆಕ್ಕದಲ್ಲಿ 11 ಕೋಟಿ ರೂಪಾಯಿಗೂ ಹೆಚ್ಚು. ಆ ಪೆಟ್ಟಿಗೆಗೂ ನಮ್ಮ ಬಿಸ್ಕತ್ತಿನ ಡಬ್ಬಿಗೂ ನಡುವೆ ಇರುವ ದೂರವನ್ನು ಹುಡುಗನಿಗೆ ವಿವರಿಸಲು ಹೊರಟು ಒಂದು ಮಧ್ಯಾಹ್ನವೇ ಕಳೆಯಿತು.

ಆ ಫ್ಲಾಪಿಗಳಲ್ಲಿದ್ದ ಪ್ರಿನ್ಸ್ ಆಫ್ ಪರ್ಷಿಯಾ ಹೆಚ್ಚುಕಡಿಮೆ ಒಬ್ಬರೇ ಕೂತು ಕಟ್ಟಿದ ಕಂಪ್ಯೂಟರ್ ಆಟ. ಜೋರ್ಡನ್ ಮೆಕ್ನರ್ ಕಾಲೇಜಿನಲ್ಲಿದ್ದಾಗಲೇ, 1984ರಲ್ಲಿ, ಕರಾಟೇಕಾ ಎಂಬ ಆಟದಿಂದ ಹೆಸರು ಗಳಿಸಿದ್ದರು. ಮರುವರ್ಷ ತಮ್ಮ ಡೇವಿಡ್‌ಗೆ ಬಿಳಿ ಬಟ್ಟೆ ತೊಡಿಸಿ, ಓಡಿಸಿ, ಹಾರಿಸಿ, ಗೋಡೆಗೆ ಜೋತುಬೀಳಿಸಿ ವಿಡಿಯೊ ತೆಗೆದರು. ಆ ವಿಡಿಯೊವನ್ನು ಒಂದೊಂದೇ ಚೌಕಟ್ಟಾಗಿ ಫೋಟೊ ಮಾಡಿ, ಆಕೃತಿಯ ಅಂಚನ್ನು ತಿದ್ದಿ, ಆಪಲ್ 2 ಕಂಪ್ಯೂಟರಿಗೆ ಇಳಿಸಿದರು. ರಾಜಕುಮಾರ ಓಡಿ ಬಂದು ಅಂಚಿನಲ್ಲಿ ಕಾಲು ಜಾರಿದಾಗ ನಮ್ಮ ಎದೆ ಝಲ್ಲೆನ್ನುತ್ತಿದ್ದುದು ಇದರಿಂದಲೇ. ಅದು ನಿಜವಾದ ಹುಡುಗನ ಮೈಭಾರ.

ಕತ್ತಿಯ ಕತೆ ಇನ್ನೂ ಸ್ವಾರಸ್ಯದ್ದು. ಮೆಕ್ನರ್ ಅವರಿಗೆ ಮೊದಲು ಕಾಳಗವೇ ಬೇಕಿರಲಿಲ್ಲ. ಓಟ, ನೆಗೆತ, ಬಲೆಗಳು ಸಾಕು ಎಂದುಕೊಂಡಿದ್ದರು. ಕಂಪ್ಯೂಟರಿನ ನೆನಪಿನ ಜಾಗವೂ ಆಗಲೇ ತುಂಬಿತ್ತು. ಕಾಳಗವಿಲ್ಲದೆ ಆಟ ಸಪ್ಪೆ ಎಂದು ಪಟ್ಟು ಹಿಡಿದವರು ಜೊತೆಯಲ್ಲಿ ಕೆಲಸ ಮಾಡುತ್ತಿದ್ದ ಟೋಮಿ ಪಿಯರ್ಸ್. ಹೊಸ ಶತ್ರುವಿಗೆ ಜಾಗವಿಲ್ಲವಾದರೆ ಇರುವ ರಾಜಕುಮಾರನ ಚಿತ್ರಗಳನ್ನೇ ಮಬ್ಬಾಗಿಸಿ ಅವನ ನೆರಳನ್ನು ಶತ್ರು ಮಾಡಬಹುದು ಎಂಬ ಉಪಾಯ ಹೊಳೆದದ್ದು ಆ ಇಕ್ಕಟ್ಟಿನಲ್ಲಿಯೇ. ಆಮೇಲೆ ಅಲ್ಲಿ ಇಲ್ಲಿ ಜಾಗ ಉಳಿಸಿ ಕಾವಲುಗಾರರನ್ನೂ ತಂದರು. ವರಸೆಗಳಿಗಾಗಿ 1938ರ ರಾಬಿನ್ ಹುಡ್ ಚಿತ್ರದ ಕತ್ತಿ ಕಾಳಗವನ್ನು ನೋಡಿದರು. ಎರೊಲ್ ಫ್ಲಿನ್ ಮತ್ತು ಬೇಸಿಲ್ ರಾತ್‌ಬೋನ್ ಪಕ್ಕದಿಂದ ಪೂರ್ತಿ ಕಾಣುವುದು ಅದರಲ್ಲಿ ಆರೇ ಸೆಕೆಂಡು. ನಾವು ವರ್ಷಗಟ್ಟಲೆ ಹೊಡೆದಾಡಿದ್ದೆಲ್ಲ ಆ ಆರು ಸೆಕೆಂಡಿನ ಸಾಲ.

ಆಟ ಮಾರುಕಟ್ಟೆಗೆ ಬಂದದ್ದು 1989ರಲ್ಲಿ, ಆಪಲ್ 2ಕ್ಕೆ. ಅಷ್ಟರಲ್ಲಿ ಆ ಯಂತ್ರದ ಕಾಲವೇ ಮುಗಿಯುತ್ತಿತ್ತು, ಮಾರಾಟ ನೀರಸವಾಗಿತ್ತು. ಪಿಸಿಗಳಲ್ಲಿ ನಡೆಯುವ ಡಾಸ್ ಆವೃತ್ತಿ 1990ರಲ್ಲಿ ಬಂತು. 1992ರಲ್ಲಿ ಮ್ಯಾಕಿಂಟೋಷ್‌ಗೆ ತಂದಾಗ ಪ್ರಕಾಶಕರಾದ ಬ್ರೋಡರ್‌ಬಂಡ್ ಮರಳುಗಡಿಯಾರದಂತೆ ನಡು ಸಣ್ಣಗಾದ ಹೊಸ ಪೆಟ್ಟಿಗೆ ಮಾಡಿಸಿದರು. ಆಟಕ್ಕೆ ಅದರ ತವರಿನಲ್ಲಿ ಕಳೆ ಬಂದದ್ದು ಆಗ. ಸಂಗ್ರಾಹಕರ ಲೆಕ್ಕ ಇಲ್ಲಿಂದಲೇ ತಲೆಕೆಳಗಾಗುತ್ತದೆ: ಯಾರೂ ಕೊಳ್ಳದ ಮೊದಲ ಪೆಟ್ಟಿಗೆ ವಿರಳವಾಯಿತು, ವಿರಳವಾದದ್ದು ಬೇಕಾದದ್ದಾಯಿತು.

ಮೈಸೂರಿಗೆ ಯಾವ ಪೆಟ್ಟಿಗೆಯೂ ಬಂದದ್ದನ್ನು ನಾನು ಕಾಣೆ. 1993ರಲ್ಲಿ ನಾನು ಸೇರಿದ್ದ ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ, ಚಪ್ಪಲಿ ಹೊರಗೆ ಬಿಟ್ಟು ಹೋಗುವ ಆ ತಣ್ಣನೆಯ ಕೋಣೆಯಲ್ಲಿ, ಆಟ ಬಂದದ್ದು ಬೆಂಗಳೂರಿನಿಂದ ಯಾರೋ ತಂದ ಫ್ಲಾಪಿಯಲ್ಲಿ. ಮೇಷ್ಟ್ರು ಕಾಫಿಗೆ ಹೋದಾಗ ಒಬ್ಬರಿಂದ ಒಬ್ಬರಿಗೆ ಪ್ರತಿಯಾಯಿತು. ಪ್ರತಿ ಮಾಡಿದ ಮೇಲೆ ಫ್ಲಾಪಿಯ ಅಂಚಿನ ಕಚ್ಚಿಗೆ ಬೆಳ್ಳಿಬಣ್ಣದ ಪಟ್ಟಿ ಅಂಟಿಸಿದರೆ ಯಾರೂ ಅಳಿಸುವಂತಿಲ್ಲ. ನಮಗೆ ತಿಳಿದಿದ್ದ ಸಂರಕ್ಷಣಾ ವಿಜ್ಞಾನ ಅಷ್ಟೇ.

ನಕಲು ತಡೆಯಲು ಆಟದೊಳಗೇ ಒಂದು ಕೋಣೆಯಿತ್ತು. ಮೊದಲ ಹಂತ ಮುಗಿದ ಮೇಲೆ ಅಕ್ಷರಗಳ ಕೆಳಗೆ ಸಾಲಾಗಿ ಸೀಸೆಗಳು. ಕೈಪಿಡಿಯ ಇಂತಿಂಥ ಪುಟದ, ಇಂತಿಂಥ ಸಾಲಿನ ಪದದ ಮೊದಲ ಅಕ್ಷರ ನೋಡಿ ಸರಿಯಾದ ಸೀಸೆ ಕುಡಿಯಬೇಕು. ಕೈಪಿಡಿಯಿಲ್ಲದವನಿಗೆ ದಾರಿಯಿಲ್ಲ. ನಮ್ಮ ಕೈಗೆ ಬಂದ ಪ್ರತಿಯಲ್ಲಿ ಯಾರೋ ಪುಣ್ಯಾತ್ಮ ಆ ಬೀಗ ಮುರಿದಿದ್ದ. ಯಾವ ಸೀಸೆ ಕುಡಿದರೂ ಬಾಗಿಲು ತೆರೆಯುತ್ತಿತ್ತು. ಅದನ್ನೂ ಆಟದ ಭಾಗವೆಂದೇ ನಾನು ಬಹಳ ಕಾಲ ನಂಬಿದ್ದೆ. ಇದು ಕಳ್ಳಪ್ರತಿ ಎಂಬುದರಲ್ಲಿ ಅನುಮಾನವಿಲ್ಲ. 1984ರ ತಿದ್ದುಪಡಿಯಿಂದಲೇ ನಮ್ಮ ಹಕ್ಕುಸ್ವಾಮ್ಯ ಕಾಯ್ದೆ ಕಂಪ್ಯೂಟರ್ ಪ್ರೋಗ್ರಾಂ ಅನ್ನು ಸಾಹಿತ್ಯ ಕೃತಿಗಳ ಸಾಲಿಗೆ ಸೇರಿಸಿತ್ತು. 1995ರಲ್ಲಿ ಜಾರಿಗೆ ಬಂದ ತಿದ್ದುಪಡಿ, ನಕಲೆಂದು ತಿಳಿದೂ ಬಳಸುವವನಿಗೆ ಕನಿಷ್ಠ ಏಳು ದಿನಗಳ ಸೆರೆವಾಸ ಗೊತ್ತುಮಾಡಿತು. ಸಾಹಿತ್ಯದ ವಿಷಯದಲ್ಲಿ ನಾನು ಮಾಡಿದ ಏಕೈಕ ಅಪರಾಧ ಅದು ಎಂದುಕೊಳ್ಳುತ್ತೇನೆ.

ಇನ್ನು ಬೆಲೆ. ಹಳೆಯ ಆಟಗಳಿಗೆ ಅಂಕ ಕೊಟ್ಟು ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಮುಚ್ಚುವ ವಾಟಾ ಎಂಬ ಸಂಸ್ಥೆ ಅಮೆರಿಕದಲ್ಲಿ ಕೆಲಸ ಆರಂಭಿಸಿದ್ದು 2018ರಲ್ಲಿ. ಹತ್ತಕ್ಕೆ ಎಷ್ಟು, ಹೊದಿಕೆಗೆ ಯಾವ ದರ್ಜೆ ಎಂದು ಬರೆದುಕೊಟ್ಟ ಮೇಲೆ ಆಟ ಆಡುವ ವಸ್ತುವಾಗಿ ಉಳಿಯದೆ ಷೇರಿನಂತಾಯಿತು. ಕೋವಿಡ್ ಕಾಲದಲ್ಲಿ ಹಣ ಇದರತ್ತ ಹರಿಯಿತು. 2020ರ ಜುಲೈನಲ್ಲಿ ಸೂಪರ್ ಮಾರಿಯೊ ಬ್ರದರ್ಸ್ ಪೆಟ್ಟಿಗೆಯೊಂದಕ್ಕೆ 1.14 ಲಕ್ಷ ಡಾಲರ್ ಬಂದರೆ, ಮುಂದಿನ ಏಪ್ರಿಲ್‌ನಲ್ಲಿ ಇನ್ನೊಂದಕ್ಕೆ 6.6 ಲಕ್ಷ. 2022ರಲ್ಲಿ, ಬೆಲೆಯನ್ನು ಕೃತಕವಾಗಿ ಏರಿಸಲಾಗಿದೆ ಎಂಬ ಆರೋಪ ಕ್ಯಾಲಿಫೋರ್ನಿಯಾದ ನ್ಯಾಯಾಲಯದ ಮೆಟ್ಟಿಲೇರಿತು. ಮಾರುಕಟ್ಟೆಯ ಜ್ವರವೂ ಇಳಿಯಿತು.

ಈ ಜ್ವರ ಮುಖ್ಯವಾಗಿ ಮಾರಿಯೊನನ್ನು ಸೃಷ್ಟಿಸಿದ ನಿಂಟೆಂಡೊ ಕಂಪನಿಯ ಆಟಗಳದ್ದು. ಪ್ರಿನ್ಸ್‌ನಂಥ ಕಂಪ್ಯೂಟರ್ ಆಟಗಳ ಪೇಟೆ ಬೇರೆಯೇ. ಅಲ್ಲಿ ಕೇಳುವುದು ಇಷ್ಟು: ಯಾವ ಯಂತ್ರದ್ದು, ಮೊದಲ ಪೆಟ್ಟಿಗೆಯೋ 1992ರದ್ದೋ, ಒಳಗಿನ ಫ್ಲಾಪಿ, ಕೈಪಿಡಿ, ನೋಂದಣಿ ಚೀಟಿ ಎಲ್ಲವೂ ಇವೆಯೋ. ಕೈಪಿಡಿ ಇಲ್ಲದ ಪೆಟ್ಟಿಗೆಗೆ ಸೀಸೆಗಳ ಕೋಣೆ ಈಗಲೂ ಸೇಡು ತೀರಿಸಿಕೊಳ್ಳುತ್ತದೆ. ನಡು ಸಣ್ಣಗಿನ ಪೆಟ್ಟಿಗೆಯ ರಟ್ಟು ಮೂಲೆಗಳಲ್ಲಿ ಬೇಗ ಜಜ್ಜುತ್ತದೆ. ಜಜ್ಜದ್ದಕ್ಕೆ ಬೆಲೆ ಹೆಚ್ಚು. ಹೊಸದಾಗಿ ಪ್ಲಾಸ್ಟಿಕ್ ಸುತ್ತಿ ‘ಒಡೆಯದ್ದು’ ಎಂದು ಮಾರುವವರೂ ಇದ್ದಾರೆ. ಮಾರುವವನು ಹೇಳಿದ ಬೆಲೆ ಬೆಲೆಯಲ್ಲ, ಮಾರಾಟ ಮುಗಿದ ಬೆಲೆಯಷ್ಟೇ ಬೆಲೆ. ಇದನ್ನು ದೇವರಾಜ ಮಾರುಕಟ್ಟೆಯಲ್ಲಿ ಹೂವು ಕೊಂಡವರಿಗೆ ಹೇಳಬೇಕಾಗಿಲ್ಲ. ಹೊರದೇಶದಿಂದ ತರಿಸಿದರೆ ಸಾಗಣೆ, ಸುಂಕ ಬೇರೆ. ‘ಉಡುಗೊರೆ’ ಎಂದು ಬರೆಸಿ ತಪ್ಪಿಸಿಕೊಳ್ಳುವ ದಾರಿಯನ್ನು ಸರ್ಕಾರ 2019ರ ಡಿಸೆಂಬರಿನಲ್ಲಿ ಮುಚ್ಚಿತು. ವಿನಾಯಿತಿ ಉಳಿದದ್ದು ಜೀವರಕ್ಷಕ ಔಷಧಿಗೆ, ರಾಖಿಗೆ.

ಪೆಟ್ಟಿಗೆಯನ್ನು ಜೋಪಾನ ಮಾಡುವವರು ಒಳಗಿನದನ್ನು ಮರೆಯುವುದೂ ಉಂಟು. ಆಟವನ್ನು ಬರೆದ ಮೂಲ ಸಂಕೇತವೇ (ಸೋರ್ಸ್ ಕೋಡ್) ದಶಕಗಳ ಕಾಲ ಕಣ್ಮರೆಯಾಗಿತ್ತು. 2012ರಲ್ಲಿ ಮೆಕ್ನರ್ ಅವರ ತಂದೆ ಮನೆಯ ಕಪಾಟಿನಲ್ಲಿ ಫ್ಲಾಪಿಗಳ ಕಟ್ಟೊಂದನ್ನು ಕಂಡರು. ಹಳೆಯ ಯಂತ್ರ ಬಲ್ಲವರು ಬಂದು ಓದಿ, ಎಲ್ಲರಿಗೂ ಸಿಗುವಂತೆ ಪ್ರಕಟಿಸಿದರು. ಅಂದರೆ ಅವರ ಮನೆಯಲ್ಲೂ ಅದು ಸಿಕ್ಕಿದ್ದು ಮನೆ ಚೊಕ್ಕಟ ಮಾಡುವಾಗಲೇ.

ನಮ್ಮ ಅಟ್ಟ ಬಚ್ಚಲುಮನೆಯ ಮೇಲಿತ್ತು. ಮೂವತ್ತು ವರ್ಷ ಹಂಡೆಯ ಹಬೆ ಕುಡಿದ ಫ್ಲಾಪಿಯ ಕಿಂಡಿಯಲ್ಲಿ ಬಿಳಿ ಬೂಷ್ಟು ಕಾಣುತ್ತಿತ್ತು. ಹಾಗೇ ಡ್ರೈವಿಗೆ ಹಾಕಿದರೆ ಬೂಷ್ಟು ಓದುವ ತಲೆಗೆ ಮೆತ್ತಿ, ಫ್ಲಾಪಿಯನ್ನೂ ಗೀರಿ ಹಾಳು ಮಾಡುತ್ತದೆ. ಕುವೆಂಪುನಗರದಲ್ಲಿ ಹಳೆಯ ಕಂಪ್ಯೂಟರ್ ಇಟ್ಟುಕೊಂಡಿರುವ ಗೆಳೆಯನೊಬ್ಬ ಕವಚದ ಅಂಚು ಬಿಡಿಸಿ, ತಟ್ಟೆಯನ್ನು ಹೊರತೆಗೆದು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿದ. ಎರಡನೆಯದು ಏಳಲಿಲ್ಲ. ಮೊದಲನೆಯದರಲ್ಲಿ ಕೆಲವು ಫೈಲುಗಳು ಓದಿಸಿಕೊಂಡವು. ಅವುಗಳಲ್ಲಿ ಒಂದು ‘ಪ್ರಿನ್ಸ್ ಡಾಟ್ ಎಚ್‌ಒಎಫ್’. ಅರವತ್ತು ನಿಮಿಷದೊಳಗೆ ರಾಜಕುಮಾರಿಯನ್ನು ತಲುಪಿದವರ ಹೆಸರು, ಉಳಿದ ಸಮಯ ದಾಖಲಾಗುವ ಕಡತ. ಪ್ರತಿಯಿಂದ ಪ್ರತಿಗೆ ಅದೂ ಸಾಗಿ ಬಂದಿತ್ತು.

ಮೂರು ಹೆಸರಿದ್ದವು. ಇಬ್ಬರು ಯಾರೋ ತಿಳಿಯದು, ಬೆಂಗಳೂರಿನವರಿರಬೇಕು. ಎಲ್ಲರ ಮೇಲೆ ನಮ್ಮ ಎದುರುಮನೆಯವನು. ಉಳಿದ ಸಮಯ 57 ನಿಮಿಷ. ಶೂರನೆಂದು ಬೀದಿಯೆಲ್ಲ ಅವನನ್ನು ಹೊಗಳಿದ್ದೆವು. ಆಟ ಶುರು ಮಾಡುವಾಗ ‘ಪ್ರಿನ್ಸ್’ ಎಂದು ಟೈಪಿಸಿ ಪಕ್ಕದಲ್ಲಿ ‘ಮೆಗಾಹಿಟ್’ ಎಂದು ಸೇರಿಸಿದರೆ ಹಂತಗಳನ್ನು ಹಾರಿಕೊಂಡು ಹೋಗಬಹುದೆಂದು ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ನಂತರ. ಆ ಸಂಜೆಯೇ ಅವನಿಗೆ ಫೋನ್ ಮಾಡಿದೆ. ಈಗವನು ಮಂಡ್ಯದಲ್ಲಿ ಬ್ಯಾಂಕಿನ ಮ್ಯಾನೇಜರ್. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಆ ಫ್ಲಾಪಿಗೆ ಎಷ್ಟು ಹೇಳುತ್ತೀಯ?’ ಎಂದು ಕೇಳಿದ.